ರಿಪೋರ್ಟು ಬಂದ ಮೇಲಿನ ಮೂರು ವಾರ

ಹೆಂಡತಿಗೆ ಸ್ತನ ಕ್ಯಾನ್ಸರ್ ಎಂದು ಬಯಾಪ್ಸಿ ರಿಪೋರ್ಟು ಬಂದ ದಿನದಿಂದ ಮೊದಲ ಕೀಮೋ ಹಚ್ಚಿದ ದಿನದವರೆಗೆ ನಮಗೆ 23 ದಿನ ಹಿಡಿಯಿತು. 11 ವರ್ಷದ ಸಂಸಾರದಲ್ಲಿ ನಾವಿಬ್ಬರೂ ಸೇರಿ ಮಾಡಿದ ತೀರ್ಮಾನಗಳಿಗಿಂತ ಹೆಚ್ಚು ತೀರ್ಮಾನಗಳನ್ನು ಆ 23 ದಿನಗಳಲ್ಲಿ ಮಾಡಿದ್ದೇವೆ. ಯಾವ ಆಸ್ಪತ್ರೆ, ಪುಣೆಯೋ ಮುಂಬೈಯೋ ಹುಬ್ಬಳ್ಳಿಯೋ, ಮೊದಲು ಆಪರೇಷನ್ನೋ ಕೀಮೋನೋ, ಊರಿಗೆ ಯಾವಾಗ ಹೇಳುವುದು, ಏಳು ವರ್ಷದ ಮಗಳಿಗೆ ಏನು ಹೇಳುವುದು, ಕಂಪನಿಯ ವಿಮೆ ಎಲ್ಲಿಯವರೆಗೆ ಬರುತ್ತದೆ. ನಾನು ವೈದ್ಯನಲ್ಲ, ಸಾಫ್ಟ್‌ವೇರ್ ಕೆಲಸದವನು. ಇಲ್ಲಿ ಬರೆದಿರುವುದು ಡಾಕ್ಟರುಗಳು ಬಿಡಿಸಿ ಹೇಳಿದ್ದು, ನಾವು ಓದಿ ತಿಳಿದದ್ದು, ನಮ್ಮ ಮನೆಯಲ್ಲಿ ನಡೆದದ್ದು. ಇಂಥದೇ ರಿಪೋರ್ಟು ಹಿಡಿದುಕೊಂಡು ಚೆನ್ನೈನಲ್ಲೋ ಹೈದರಾಬಾದಿನಲ್ಲೋ ದೆಹಲಿಯಲ್ಲೋ, ಹತ್ತಿರದ ಬಂಧುಗಳೆಲ್ಲ ಒಂದು ರಾತ್ರಿಯ ರೈಲಿನಷ್ಟು ದೂರವಿರುವಾಗ, ಮುಂದೇನು ಎಂದು ಕೂತಿರುವವರು ಈ ಪತ್ರಿಕೆಯ ಓದುಗರಲ್ಲೂ ಇರಬಹುದು.

ಅವಸರದ ಮಾತಿನಿಂದಲೇ ಶುರು ಮಾಡುತ್ತೇನೆ. ಭಾರತದ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸುವ ಕ್ಯಾನ್ಸರ್ ಇದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು. ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಚಿಕ್ಕ ವಯಸ್ಸಿಗೇ ಇಲ್ಲಿ ಬರುತ್ತದೆ. ನನ್ನ ಹೆಂಡತಿಗೆ 36. ಗಂಟು ಕೈಗೆ ಸಿಕ್ಕರೂ 'ನೋವಿಲ್ಲವಲ್ಲ' ಎಂದು ತಿಂಗಳುಗಟ್ಟಲೆ ಸುಮ್ಮನಿರುವುದು ನಮ್ಮಲ್ಲಿಯ ದೊಡ್ಡ ತೊಂದರೆ. ಹಾಗಾಗಿ 'ತಡ ಮಾಡಬೇಡಿ' ಎನ್ನುವುದು ಸರಿ. ಆದರೆ ರಿಪೋರ್ಟು ಬಂದ ಮರುದಿನವೇ ಆ ಮಾತು 'ನಾಳೇನೇ ಆಪರೇಷನ್ ಮಾಡಿಸಿಬಿಡಿ' ಎಂದಾಗುತ್ತದೆ. ಗಂಟು ಬೆರಳಿಗೆ ತಾಗುವಷ್ಟು ಬೆಳೆಯಲು ಬಹಳ ತಿಂಗಳು, ಎಷ್ಟೋ ಸಲ ವರ್ಷಗಳೇ ಹಿಡಿದಿರುತ್ತವೆ. ಸರಿಯಾದ ಪರೀಕ್ಷೆಗಳಿಗೆ ಎರಡು-ಮೂರು ವಾರ ಕೊಟ್ಟರೆ ನಷ್ಟವಿಲ್ಲ. ಅದೇ ಎರಡು-ಮೂರು ತಿಂಗಳಾದರೆ ನಷ್ಟ.

ನಮ್ಮ ಮನೆಯ ಹತ್ತಿರದ ಆಸ್ಪತ್ರೆಯ ಸರ್ಜನ್ ಮಂಗಳವಾರ ಸಂಜೆ ರಿಪೋರ್ಟು ನೋಡಿ, "ಗುರುವಾರ ಓ.ಟಿ. ಖಾಲಿ ಇದೆ, ಅಡ್ಮಿಟ್ ಆಗಿಬಿಡಿ" ಎಂದರು. ಹೇಳಿದ್ದು ನನಗೆ. ನನ್ನ ಮರಾಠಿ ಅಷ್ಟಕ್ಕಷ್ಟೇ. ಹೆಂಡತಿ ಬೆಳಗಾವಿಯವಳು, ಮರಾಠಿ ಅವಳಿಗೆ ಅಂಗೈ ನೀರು. ಅವಳೇ ಕೇಳಿದಳು: "ರಿಪೋರ್ಟಿನ ಕೆಳಗೆ ಇನ್ನೂ ಒಂದು ಪರೀಕ್ಷೆ ಬಾಕಿ ಇದೆ ಅಂತ ಬರೆದಿದ್ದಾರಲ್ಲ, ಅದು ಬಂದರೆ ಚಿಕಿತ್ಸೆ ಏನಾದರೂ ಬದಲಾಗುತ್ತದೆಯೇ?" ಅದನ್ನು ಆಪರೇಷನ್ ಆದ ಮೇಲೆ ನೋಡೋಣ ಎಂಬ ಉತ್ತರ ಬಂತು. ಹೊರಗೆ ಬಂದು ಪಾರ್ಕಿಂಗಿನಲ್ಲಿ ಅವಳು ಹೇಳಿದ್ದು ಇಷ್ಟು: "ಬಾಕಿ ಇದ್ದದ್ದು ಬರ್ಲಿ. ಆಮ್ಯಾಲ ನೋಡೋಣ್ರಿ."

ಆ ಬಾಕಿ ಪರೀಕ್ಷೆಯೇ ಎಲ್ಲವನ್ನೂ ತಿರುಗಿಸಿತು. ಬಯಾಪ್ಸಿ ರಿಪೋರ್ಟಿನಲ್ಲಿ ಮೊದಲು ಕಣ್ಣಿಗೆ ಬೀಳುವುದು 'ಗ್ರೇಡ್'. ನಮ್ಮದರಲ್ಲಿ 3 ಎಂದಿತ್ತು. ವಾಟ್ಸಾಪಿನಲ್ಲಿ ಫೋಟೋ ನೋಡಿದ ನಮ್ಮ ಭಾವನವರು 'ಮೂರನೇ ಸ್ಟೇಜ್' ಎಂದು ಎರಡು ಊರಿಗೆ ಸುದ್ದಿ ಮುಟ್ಟಿಸಿದರು. ಗ್ರೇಡ್ ಬೇರೆ, ಸ್ಟೇಜ್ ಬೇರೆ. ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳು ಸಹಜ ರೂಪದಿಂದ ಎಷ್ಟು ದೂರ ಹೋಗಿವೆ ಎಂಬುದು ಗ್ರೇಡ್, 1ರಿಂದ 3. ರೋಗ ಎಲ್ಲಿಯವರೆಗೆ ಹಬ್ಬಿದೆ ಎಂಬುದು ಸ್ಟೇಜ್, 1ರಿಂದ 4. ಗಂಟಿನ ಅಳತೆ, ಕಂಕುಳದ ಗ್ರಂಥಿಗಳು, ಬೇಕಾದಲ್ಲಿ ಪೆಟ್ ಸ್ಕ್ಯಾನ್, ಇವನ್ನೆಲ್ಲ ನೋಡಿಯೇ ಅದನ್ನು ಹೇಳಬೇಕು. ನಮ್ಮದು 2.8 ಸೆಂಟಿಮೀಟರ್ ಗಂಟು, ಕಂಕುಳದ ಒಂದು ಗ್ರಂಥಿಯಲ್ಲೂ ರೋಗ, ಬೇರೆಲ್ಲೂ ಇಲ್ಲ. ಅಂದರೆ ಎರಡನೇ ಸ್ಟೇಜು.

ಅದಕ್ಕಿಂತ ಮುಖ್ಯವಾದ ಮೂರು ಸಾಲು ರಿಪೋರ್ಟಿನ ಎರಡನೇ ಪುಟದಲ್ಲಿರುತ್ತವೆ: ಇ.ಆರ್., ಪಿ.ಆರ್., ಹರ್-2. ಮೊದಲಿನ ಎರಡು ಹಾರ್ಮೋನಿಗೆ ಸಂಬಂಧಿಸಿದವು. ಅವು ಪಾಸಿಟಿವ್ ಇದ್ದರೆ ಮುಂದೆ 5ರಿಂದ 10 ವರ್ಷ ಮಾತ್ರೆಯ ದಾರಿ ಇದೆ. ಹರ್-2 ಒಂದು ಪ್ರೋಟೀನು. 0 ಅಥವಾ 1+ ಇದ್ದರೆ ನೆಗೆಟಿವ್, 3+ ಇದ್ದರೆ ಪಾಸಿಟಿವ್. 2+ ಬಂದರೆ ಹೌದೋ ಅಲ್ಲವೋ ತಿಳಿಯುವುದಿಲ್ಲ. 'ಫಿಶ್' ಎಂಬ ಇನ್ನೊಂದು ಪರೀಕ್ಷೆ ಬೇಕು. ನಮ್ಮದು ಮೊದಲಿನೆರಡೂ ನೆಗೆಟಿವ್, ಹರ್-2 ಎರಡು ಪ್ಲಸ್. ಫಿಶ್ ಪಾಸಿಟಿವ್ ಬಂತು. ಹರ್-2 ಪಾಸಿಟಿವ್ ಅಥವಾ ಮೂರೂ ನೆಗೆಟಿವ್ ಇದ್ದು, ಗಂಟು 2 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ ಅಥವಾ ಕಂಕುಳಕ್ಕೆ ಹೋಗಿದ್ದರೆ, ಈಗ ಸಾಮಾನ್ಯವಾಗಿ ಮೊದಲು ಕೀಮೋ, ಆಮೇಲೆ ಆಪರೇಷನ್. ಔಷಧಿಗೆ ಗಂಟು ಕರಗುತ್ತಿದೆಯೋ ಇಲ್ಲವೋ ಎಂಬುದು ಕಣ್ಣೆದುರೇ ಕಾಣುತ್ತದೆ. ಆಪರೇಷನ್ನಿನಲ್ಲಿ ತೆಗೆದದ್ದರಲ್ಲಿ ರೋಗ ಎಷ್ಟು ಉಳಿದಿತ್ತು ಎಂಬುದರ ಮೇಲೆ ಮುಂದಿನ ಔಷಧಿ ಬದಲಾಗುತ್ತದೆ. ಗುರುವಾರವೇ ಆಪರೇಷನ್ ಆಗಿದ್ದರೆ ಈ ಅಳತೆಗೋಲು ನಮ್ಮ ಕೈಗೆ ಸಿಗುತ್ತಿರಲಿಲ್ಲ.

ಎರಡನೇ ಅಭಿಪ್ರಾಯಕ್ಕೆ ಮುಂಬೈಗೆ ಹೋದೆವು. ಪರೇಲಿನ ಟಾಟಾ ಮೆಮೋರಿಯಲ್ 1941ರಿಂದ ನಡೆಯುತ್ತಿರುವ ಆಸ್ಪತ್ರೆ. ಇವತ್ತಿಗೂ ಉತ್ತರ ಕರ್ನಾಟಕದವರ ಬಾಯಲ್ಲಿ 'ಟಾಟಾಕ್ಕ ಹೋಗಿ ಬಂದ್ರು' ಎಂದರೆ ಕಾಯಿಲೆ ಯಾವುದೆಂದು ಮತ್ತೆ ಹೇಳಬೇಕಿಲ್ಲ. ಹೋಗುವವರು ಒಂದು ವಿಷಯ ನೆನಪಿಡಬೇಕು: ರಿಪೋರ್ಟಿನ ಕಾಗದವಷ್ಟೇ ಸಾಲದು. ಮೊದಲು ಬಯಾಪ್ಸಿ ಮಾಡಿದ ಲ್ಯಾಬಿನಿಂದ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ, ಮ್ಯಾಮೊಗ್ರಾಮಿನ ಸಿ.ಡಿ.ಯನ್ನೂ ಕೇಳಿ ತೆಗೆದುಕೊಂಡು ಹೋಗಬೇಕು. ಅಲ್ಲಿಯ ಪೆಥಾಲಜಿಸ್ಟುಗಳು ಅದೇ ಬ್ಲಾಕನ್ನು ತಾವೇ ಮತ್ತೆ ನೋಡುತ್ತಾರೆ. ಕೊಡಲು ಲ್ಯಾಬಿನವರು ಒಂದೆರಡು ದಿನ ಸತಾಯಿಸಬಹುದು. ಅರ್ಜಿ ಬರೆದುಕೊಟ್ಟು ಪಟ್ಟು ಹಿಡಿದರೆ ಸಿಗುತ್ತವೆ. ಮುಂಬೈತನಕ ಹೋಗಲಾಗದವರಿಗೂ ದಾರಿಯಿದೆ. 2012ರಲ್ಲಿ ಶುರುವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನಲ್ಲಿ ಈಗ ದೇಶದ 300ಕ್ಕೂ ಹೆಚ್ಚು ಆಸ್ಪತ್ರೆ-ಸಂಸ್ಥೆಗಳಿವೆ, ಬೆಂಗಳೂರಿನ ಕಿದ್ವಾಯಿ ಕೂಡ. ನೀವಿರುವ ಊರಿನಲ್ಲೇ ಒಂದು ಇರುವ ಸಂಭವ ಹೆಚ್ಚು. ಸರ್ಜನ್, ಕೀಮೋ ಡಾಕ್ಟರು, ರೇಡಿಯೇಷನ್ ಡಾಕ್ಟರು ಮೂವರೂ ಒಟ್ಟಿಗೆ ಕೂತು ಕೇಸು ನೋಡುವ 'ಟ್ಯೂಮರ್ ಬೋರ್ಡ್' ಇದೆಯೇ ಎಂದು ಕೇಳಿ. ಆಸ್ಪತ್ರೆಯ ಲಾಬಿಯಲ್ಲಿ ಎಷ್ಟು ಅಮೃತಶಿಲೆ ಹಾಸಿದ್ದಾರೆ ಎಂಬುದಕ್ಕಿಂತ ಅದು ಮುಖ್ಯ.

ಪರೇಲಿನ ಆ ಉದ್ದನೆಯ ಕಾಯುವ ಸಾಲಿನಲ್ಲಿ ನಮ್ಮ ಪಕ್ಕ ಕೊಪ್ಪಳದ ಕಡೆಯ ಗಂಡ-ಹೆಂಡತಿ ಕೂತಿದ್ದರು. ಆಕೆಗೂ ಇದೇ ಕಾಯಿಲೆ. ಒಳಗೆ ಡಾಕ್ಟರು ಹಿಂದಿಯಲ್ಲಿ ಐದಾರು ನಿಮಿಷ ಹೇಳಿದ್ದನ್ನು ಕೇಳಿಸಿಕೊಂಡು ಹೊರಬಂದಿದ್ದರು. ಆಕೆ ಕೇಳಿದರು: "ಏನಂದ್ರು ಅವ್ರು?" ಗಂಡ ಅಂದರು: "ಏನಿಲ್ಲ. ಸೂಜಿ ಹಾಕ್ತಾರಂತ, ಆರಾಮ ಆಗ್ತೈತಂತ." ಆಕೆ ಸುಮ್ಮನೆ ಗಂಡನ ಮುಖ ನೋಡಿದರು. ನನ್ನ ಹೆಂಡತಿ ತಡೆಯಲಾರದೆ "ಅಕ್ಕಾರ, ಯಾವೂರ್ರೀ ನಿಮ್ದು?" ಎಂದು ಮಾತು ತೆಗೆದಳು. ಅವರ ಫೈಲು ನೋಡಿ, ಒಪ್ಪಿಗೆ ಕೇಳಿ, ಒಂದೊಂದೇ ಬಿಡಿಸಿ ಹೇಳಿದಳು. ಆಕೆ ಮೊದಲು ಕೇಳಿದ್ದು ಕೂದಲು ಹೋಗ್ತಾವೇನ್ರಿ ಎಂದು. ಎರಡನೆಯದು, "ಎಷ್ಟ್ ದಿನ ಇಲ್ಲೇ ಇರಬೇಕಾಗ್ತೈತ್ರೀ? ಹೊಲ್ದಾಗ ಶೇಂಗಾ ಐತಿ." ಗಂಡ ನನ್ನ ಕಡೆ ತಿರುಗಿ ಮೆಲ್ಲಗೆ, "ಹೇಳಿದ್ರ ಎದಿ ಒಡ್ಕೋತಾಳ ಅಂತ ಹೇಳಿರ್ಲಿಲ್ರೀ" ಎಂದರು. ಆಕೆಗೆ ಕೇಳಿಸಿತು. "ಊರಾಗ ಎಲ್ಲಾರೂ ಪಿಸುಪಿಸು ಅನ್ನಾಕತ್ತು ಮೂರು ತಿಂಗಳಾತು. ನನಗ ಗೊತ್ತಿಲ್ಲೇನು?" ಎಂದಷ್ಟೇ ಹೇಳಿ ಸೆರಗು ಸರಿಮಾಡಿಕೊಂಡರು. ನನ್ನ ಹೆಂಡತಿ ಅವರ ಫೈಲಿನ ಹಿಂಬದಿಗೆ ಕನ್ನಡದಲ್ಲಿ ಕೀಮೋ ತಾರೀಖುಗಳನ್ನೂ ಜ್ವರ ಎಷ್ಟಾದರೆ ಓಡಿಬರಬೇಕು ಎಂಬ ಅಂಕಿಯನ್ನೂ ದೊಡ್ಡಕ್ಷರದಲ್ಲಿ ಬರೆದುಕೊಟ್ಟಳು.

ಗಂಡ ದುಭಾಷಿಯಾದಾಗ ಏನಾಗುತ್ತದೆ ಎಂಬುದು ಪರಊರಿನಲ್ಲಿರುವ ನಮಗೆಲ್ಲ ಅನ್ವಯಿಸುವ ಮಾತು. ಹೆಂಡತಿಗೆ ಸ್ಥಳೀಯ ಭಾಷೆ ಬರದಿದ್ದರೆ ಡಾಕ್ಟರು ಹೇಳಿದ್ದು ಗಂಡನ ಮೂಲಕವೇ ಹಾದು ಬರಬೇಕು. ಕರುಣೆಯಿಂದಲೋ ಭಯದಿಂದಲೋ ಅರ್ಧ ಅಲ್ಲೇ ಉಳಿದುಬಿಡುತ್ತದೆ. ಭಾಷೆ ಬರುವ ನಮ್ಮ ವಿಷಯದಲ್ಲೂ ಡಾಕ್ಟರ ಕಣ್ಣು ಹೋಗುತ್ತಿದ್ದದ್ದು ನನ್ನ ಕಡೆಗೇ. ಹಾಗಾಗಿ ನಾವು ಒಪ್ಪಂದ ಮಾಡಿಕೊಂಡೆವು: ಅವಳು ಡಾಕ್ಟರ ಎದುರಿನ ಕುರ್ಚಿಯಲ್ಲಿ, ನಾನು ಪಕ್ಕದ ಸ್ಟೂಲಿನಲ್ಲಿ. ಕೇಳುವುದು ಅವಳು, ಬರೆದುಕೊಳ್ಳುವುದು ನಾನು. ಗಂಡಸರು ತೀರ್ಮಾನ ಮಾಡಲು ಬಂದವರಂತೆ ಕೂತಿರುವುದನ್ನು ಈ ಮೂರು ವಾರಗಳಲ್ಲಿ ಎಷ್ಟು ಕೋಣೆಗಳಲ್ಲಿ ನೋಡಿದೆನೋ ಲೆಕ್ಕವಿಲ್ಲ.

ಇನ್ನು ಎಲ್ಲಿ ತೋರಿಸುವುದು ಎಂಬ ಪ್ರಶ್ನೆ. ನಮ್ಮವ್ವ ಮೊದಲ ದಿನವೇ "ಇಲ್ಲೇ ಬಂದಬಿಡ್ರಿ. ಹುಬ್ಬಳ್ಳಿ ನವನಗರದಾಗ ಆಸ್ಪತ್ರಿ ಐತಿ, ಮನ್ಯಾಗ ನಾವೆಲ್ಲಾ ಅದೀವಿ" ಎಂದಳು. ಬೆಂಗಳೂರಿನಲ್ಲಿರುವ ಹೆಂಡತಿಯ ತಮ್ಮ ಅಲ್ಲಿಗೇ ಕರೆದ. ಈ ಕರೆಗಳಲ್ಲಿ ತೂಕವಿದೆ. ಮನೆತುಂಬ ಜನ ಇರುವುದು ಔಷಧಿಯಷ್ಟೇ ಬೇಕಾದದ್ದು. ಆದರೆ ಕ್ಯಾಲೆಂಡರು ಹಾಕಿ ನೋಡಿದಾಗ ಲೆಕ್ಕ ಹೀಗಿತ್ತು. ಮೂರು ವಾರಕ್ಕೊಂದರಂತೆ ಆರು ಕೀಮೋ. ಕೆಲವು ವಾರ ಬಿಟ್ಟು ಆಪರೇಷನ್. ಆಮೇಲೆ ದಿನಾ ಹೋಗಿಬರುವ ರೇಡಿಯೇಷನ್, ಸುಮಾರು ಮೂರು ವಾರ. ಹರ್-2ಗೆ ಕೊಡುವ ಟ್ರಾಸ್ಟುಜುಮಾಬ್ ಇಂಜೆಕ್ಷನ್ ಮೂರು ವಾರಕ್ಕೊಮ್ಮೆ ಒಟ್ಟು ಒಂದು ವರ್ಷ, ನಡುನಡುವೆ ಹೃದಯದ ಎಕೋ. ಒಂದು ವರ್ಷ ಮಗಳ ಶಾಲೆ ಬಿಡಿಸಿ ಊರಿಗೆ ಹೋಗುವುದೇ, ಅಥವಾ ಅವಳು ಅಲ್ಲಿ, ನಾವಿಬ್ಬರು ಇಲ್ಲಿ ಇರುವುದೇ? ಕೊನೆಗೆ ಇದನ್ನು ತೀರ್ಮಾನಿಸಿದ್ದು ಥರ್ಮಾಮೀಟರು. ಕೀಮೋ ಆದ ಒಂದೆರಡು ವಾರಗಳಲ್ಲಿ ಬಿಳಿ ರಕ್ತಕಣ ಕುಸಿದಿರುತ್ತದೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಕ್ರೋಸಿನ್ ನುಂಗಿ ಬೆಳಗಾಗಲಿ ಎಂದು ಕಾಯುವಂತಿಲ್ಲ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಆದ್ದರಿಂದ ಕೀಮೋ ಕೊಡುವ ಆಸ್ಪತ್ರೆ ಮನೆಯಿಂದ ಅರ್ಧ-ಮುಕ್ಕಾಲು ಗಂಟೆಯೊಳಗಿರಬೇಕು. ಅವಳು ಪುಣೆ ಎಂದಳು. ಮುಂಬೈಯ ಅಭಿಪ್ರಾಯ, ಪುಣೆಯ ಕೀಮೋ. ಎರಡೂ ಕಡೆಯ ಡಾಕ್ಟರುಗಳು ಇದಕ್ಕೆ ಬೇಸರಿಸಲಿಲ್ಲ.

ಊರಿನಿಂದ ಮುಂಬೈಗೇ ಬಂದು ತೋರಿಸಬೇಕಾದವರಿಗೆ ಎರಡು ಮಾಹಿತಿ. ಚಿಕಿತ್ಸೆಗೆ ಪ್ರಯಾಣ ಮಾಡುವ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ಸ್ಲೀಪರ್ ಮತ್ತು ತ್ರೀ-ಟಯರ್ ಎ.ಸಿ.ಯಲ್ಲಿ ಪೂರ್ತಿ, ಜೊತೆಗೆ ಬರುವ ಒಬ್ಬರಿಗೆ ಶೇಕಡಾ 75 ರಿಯಾಯಿತಿ ಇದೆ. ಆಸ್ಪತ್ರೆಯ ಸರ್ಟಿಫಿಕೇಟು ಬೇಕು. ಉಳಿಯಲು ದಾದರಿನ ಗಾಡ್ಗೆ ಮಹಾರಾಜ ಧರ್ಮಶಾಲೆ, ಪರೇಲಿನ ನಾನಾ ಪಾಲ್ಕರ್ ಸ್ಮೃತಿ ಸಮಿತಿಯಂಥ ಜಾಗಗಳಿವೆ. ಜಾಗ ಸಿಗಲು ಕಾಯಬೇಕಾಗಬಹುದು, ಆದ್ದರಿಂದ ಹೊರಡುವ ಮೊದಲೇ ವಿಚಾರಿಸಿ.

ನಮ್ಮ ಕಸುಬಿನಲ್ಲಿ ಯಾವ ಕೆಲಸ ಯಾವುದಕ್ಕೆ ತಡೆಯಾಗಿದೆ ಎಂದು ಬರೆದಿಡುತ್ತೇವೆ. ಇಲ್ಲೂ ಒಂದು ಹಾಳೆಯಲ್ಲಿ ಗೆರೆ ಎಳೆದು, ಮೊದಲ ಕೀಮೋಗೆ ಮುಂಚೆ ಆಗಲೇಬೇಕಾದದ್ದು ಒಂದು ಕಡೆ, ಆಮೇಲೆ ಆದರೂ ನಡೆಯುವುದು ಇನ್ನೊಂದು ಕಡೆ ಬರೆದೆವು. ಆಗ ಗೊತ್ತಾದದ್ದು, ನೆಂಟರು ಫೋನಿನಲ್ಲಿ ಜೋರಾಗಿ ಕೇಳುತ್ತಿದ್ದ ಪ್ರಶ್ನೆಗಳೆಲ್ಲ ಎರಡನೇ ಕಡೆಗೆ ಬೀಳುತ್ತವೆ. ಮೊದಲನೇ ಕಡೆ ಇದ್ದದ್ದು ಯಾರೂ ಕೇಳದವು: ಎಕೋ, ಹಲ್ಲಿನ ಡಾಕ್ಟರು, ಔಷಧಿ ಹೋಗಲು ಎದೆಯ ಚರ್ಮದಡಿ ಪೋರ್ಟ್, ಗಂಟು ಕರಗಿಹೋದರೂ ಸರ್ಜನ್ನಿಗೆ ಜಾಗ ತಿಳಿಯಲೆಂದು ಅದರೊಳಗೆ ಅಕ್ಕಿಕಾಳಿಗಿಂತ ಚಿಕ್ಕ ಲೋಹದ ಕ್ಲಿಪ್ಪು. ಮತ್ತೆ ಇನ್ನೊಂದು ಮಗುವಿನ ಮಾತು.

ಅದನ್ನು ಯಾವ ಡಾಕ್ಟರೂ ತಾವಾಗಿ ಎತ್ತಲಿಲ್ಲ. ಕೀಮೋ ಅಂಡಾಶಯಕ್ಕೆ ಪೆಟ್ಟು ಕೊಡಬಹುದು. ಮುಂದೆ ಮಗು ಬೇಕೆನ್ನುವವರು ಅಂಡಾಣು ಅಥವಾ ಭ್ರೂಣ ತೆಗೆದಿಡಿಸಬೇಕಾದದ್ದು ಕೀಮೋಗೆ ಮುಂಚೆಯೇ, ಅದಕ್ಕೆ ಸುಮಾರು ಎರಡು ವಾರ ಬೇಕು. ಅಂದರೆ ಮೊದಲ ವಾರದಲ್ಲೇ ಕೇಳಬೇಕು. ನಾವು ಎರಡನೇ ಮಗುವಿನ ಬಗ್ಗೆ ಮಾತಾಡಿಕೊಳ್ಳುತ್ತಿದ್ದವರು. ಅವಳೇ ಕೇಳಿ ತಿಳಿದುಕೊಂಡಳು, ಒಂದು ರಾತ್ರಿ ಯೋಚಿಸಿದಳು. ಬೆಳಿಗ್ಗೆ ಮಗಳಿಗೆ ಜಡೆ ಹಾಕುತ್ತಾ, "ಒಬ್ಬಾಕಿ ಸಾಕ್ರಿ" ಎಂದಳು. ನನ್ನ ಅಭಿಪ್ರಾಯ ಹಿಂದಿನ ರಾತ್ರಿಯೇ ಹೇಳಿದ್ದೆ. ಅದನ್ನು ಮತ್ತೆ ಹೇಳಲಿಲ್ಲ. ಆ ವಿಷಯ ನಮ್ಮ ಮನೆಯಲ್ಲಿ ಇನ್ನೂ ಪೂರ್ತಿ ಮುಗಿದಿಲ್ಲ.

ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಬೇರೆ: "ಪೂರ್ತಿ ತೆಗೆಸಿಬಿಡ್ತೀರಲ್ಲ?" ಸ್ತನವನ್ನು ಇಡಿಯಾಗಿ ತೆಗೆದರೆ ಕಾಯಿಲೆಯ ಬೇರೇ ಹೋಯಿತು ಎಂದು ನಂಬಿಕೆ. ಇಟಲಿಯ ಉಂಬೆರ್ತೊ ವೆರೊನೇಸಿ, ಅಮೆರಿಕದ ಬರ್ನಾರ್ಡ್ ಫಿಶರ್ ಇಬ್ಬರೂ ಬೇರೆಬೇರೆಯಾಗಿ 1970ರ ದಶಕದಲ್ಲಿ ಶುರುಮಾಡಿದ ಅಧ್ಯಯನಗಳ 20 ವರ್ಷದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಗಂಟನ್ನಷ್ಟೇ ಸುತ್ತಲಿನ ಅಂಚಿನೊಂದಿಗೆ ತೆಗೆದು ರೇಡಿಯೇಷನ್ ಕೊಟ್ಟವರೂ, ಪೂರ್ತಿ ತೆಗೆಸಿದವರೂ ಬದುಕುಳಿದ ಪ್ರಮಾಣ ಒಂದೇ. ಎಲ್ಲರಿಗೂ ಉಳಿಸಲು ಬರುವುದಿಲ್ಲ ನಿಜ: ಒಂದೇ ಸ್ತನದ ಹಲವು ಕಡೆ ಗಂಟುಗಳಿದ್ದರೆ, ರೇಡಿಯೇಷನ್ ಕೊಡಲಾಗದಿದ್ದರೆ ತೆಗೆಯಬೇಕಾಗಬಹುದು. ಬಿ.ಆರ್.ಸಿ.ಎ. ಎಂಬ ವಂಶವಾಹಿ ದೋಷ ಇದ್ದರೂ ಲೆಕ್ಕ ಬದಲಾಗುತ್ತದೆ. ಇಷ್ಟು ಚಿಕ್ಕ ವಯಸ್ಸಿನವರಿಗೆ ಆ ರಕ್ತಪರೀಕ್ಷೆ ಮಾಡಿಸುತ್ತಾರೆ. ಅದರ ಫಲ ಅಕ್ಕತಂಗಿಯರಿಗೂ ಅಣ್ಣತಮ್ಮಂದಿರಿಗೂ ಮಗಳಿಗೂ ಸಂಬಂಧಿಸಿದ್ದು. ನಮ್ಮದು ನೆಗೆಟಿವ್ ಬಂತು. ಕೀಮೋ ಮೊದಲಾದ್ದರಿಂದ ಆಪರೇಷನ್ ಯಾವ ಬಗೆಯದು ಎಂದು ತೀರ್ಮಾನಿಸಲು ಐದು ತಿಂಗಳಿತ್ತು. ಆದರೂ ಫೋನಿನಲ್ಲಿ ಅವಳ ಎದೆಯ ಬಗ್ಗೆ ಚಿಕ್ಕಪ್ಪಂದಿರು ನನ್ನ ಜೊತೆ ಚರ್ಚೆಗಿಳಿಯುತ್ತಿದ್ದರು. "ಅದನ್ನು ಅವಳನ್ನೇ ಕೇಳಿ, ಫೋನು ಕೊಡುತ್ತೇನೆ" ಎಂದರೆ ಎಲ್ಲರೂ ಬೇರೆ ಕೆಲಸ ನೆನಪಾಗಿ ಇಟ್ಟುಬಿಡುತ್ತಿದ್ದರು. ಇದೊಂದು ಉಪಾಯ ಯಾರು ಬೇಕಾದರೂ ಬಳಸಿಕೊಳ್ಳಬಹುದು.

ದುಡ್ಡಿನ ವಿಷಯ ಚುರುಕಾಗಿ ಹೇಳಿ ಮುಗಿಸುತ್ತೇನೆ. ಕಂಪನಿಯ ಗುಂಪು ವಿಮೆಯಲ್ಲಿ ಒಟ್ಟು ಮೊತ್ತಕ್ಕಿಂತ ಷರತ್ತುಗಳನ್ನು ಮೊದಲು ಓದಿ. ರೂಮಿನ ಬಾಡಿಗೆಗೆ ಮಿತಿ ಇದ್ದು ನೀವು ದೊಡ್ಡ ರೂಮು ತೆಗೆದುಕೊಂಡರೆ ಉಳಿದ ಬಿಲ್ಲನ್ನೂ ಅದೇ ಪ್ರಮಾಣದಲ್ಲಿ ಕಡಿಯುತ್ತಾರೆ. ಟ್ರಾಸ್ಟುಜುಮಾಬ್ ಸಾಮಾನ್ಯ ಕೀಮೋ ಅಲ್ಲ, 'ಮೊನೊಕ್ಲೋನಲ್ ಆಂಟಿಬಾಡಿ'. 2019ರ ವಿಮಾ ನಿಯಂತ್ರಣ ಪ್ರಾಧಿಕಾರದ ಮಾರ್ಗಸೂಚಿಯಂತೆ ಅಂಥದ್ದನ್ನು ಪಾಲಿಸಿಯಿಂದ ಹೊರಗಿಡುವಂತಿಲ್ಲ, ಆದರೆ ಮಿತಿ ಹಾಕಬಹುದು. ನಮ್ಮ ಪಾಲಿಸಿಯಲ್ಲಿ ಆ ಮಿತಿ 14ನೇ ಪುಟದಲ್ಲಿತ್ತು. ಒಂದು ಕಾಲಕ್ಕೆ ಈ ಔಷಧಿ ಮಧ್ಯಮ ವರ್ಗದ ಕೈಗೆ ಎಟುಕುತ್ತಿರಲಿಲ್ಲ. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಅದರ ಬಯೋಸಿಮಿಲರ್ ತಂದ ಮೇಲೆ, ಬೇರೆ ಕಂಪನಿಗಳೂ ಬಂದು, ಬೆಲೆ ಬಹಳ ಇಳಿದಿದೆ. ಡಾಕ್ಟರನ್ನು ಕೇಳಿ ಬ್ರಾಂಡುಗಳ ಬೆಲೆ ಹೋಲಿಸಿ ನೋಡಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಡಿಡಿಬಿ ಅಡಿ 40,000 ರೂಪಾಯಿವರೆಗೆ, ರೋಗಿ ಹಿರಿಯ ನಾಗರಿಕರಾಗಿದ್ದರೆ 1 ಲಕ್ಷದವರೆಗೆ ಕಡಿತವಿತ್ತು. ಕಾನೂನು ಬದಲಾಗುತ್ತಿರುತ್ತದೆ, ಲೆಕ್ಕಪರಿಶೋಧಕರನ್ನು ಕೇಳಿ. ಇನ್ನು ಗುಂಪು ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಹೊಸ ಕಂಪನಿಯೊಂದರ ಆಫರ್ ಕೈಯಲ್ಲಿತ್ತು, ಬೇಡವೆಂದು ಬರೆದೆ. ಈಗಿನ ಮ್ಯಾನೇಜರನಿಗೆ ವಿಷಯ ತಿಳಿಸಿ ಮಂಗಳವಾರಗಳನ್ನು ಮನೆಯಿಂದ ಕೆಲಸ ಮಾಡುವ ದಿನವಾಗಿ ಕೇಳಿಕೊಂಡೆ.

ನಾಟಿ ಔಷಧಿ, ಲಕ್ಷ್ಮಣಫಲ, ಗೋಧಿಹುಲ್ಲಿನ ರಸ, ಇವುಗಳ ಬಗ್ಗೆ ಒಟ್ಟು ಎಷ್ಟು ವಿಡಿಯೋ ಬಂದವೋ. ಕಳಿಸಿದವರೆಲ್ಲ ಪ್ರೀತಿಯವರೇ. ಅವ್ವ ಪುಣೆಗೆ ಬರುವಾಗ ಯಾರೋ ಕೊಟ್ಟ ತೊಗಟೆಯ ಪುಡಿ ತಂದಿದ್ದಳು. ಸೊಸೆ ಅದನ್ನು ಬೇಡವೆನ್ನದೆ ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅವ್ವನನ್ನೂ ಪೊಟ್ಟಣವನ್ನೂ ಕರೆದುಕೊಂಡು ಹೋದಳು. ಇದು ಕೀಮೋ ಜೊತೆ ಸೇರಿ ಲಿವರಿಗೆ ತೊಂದರೆ ಕೊಟ್ಟರೆ ಯಾವುದರಿಂದ ಆಯಿತೆಂದು ತಿಳಿಯದೆ ನಾನು ಕೀಮೋ ನಿಲ್ಲಿಸಬೇಕಾಗುತ್ತದೆ ಎಂದು ಡಾಕ್ಟರು ಅವ್ವನಿಗೇ ಹೇಳಿದರು. ಹೆಂಡತಿ ಅದನ್ನು ಕನ್ನಡದಲ್ಲಿ ತಿಳಿಸಿದಳು. ಪೊಟ್ಟಣ ದೇವರ ಗೂಡಿನಲ್ಲಿ ಕೂತಿದೆ. ಅವ್ವ ದಿನಾ ರಾಗಿ ಅಂಬಲಿ ಮಾಡುತ್ತಾಳೆ. ಬಾಯಿ ಹುಣ್ಣಾದ ವಾರಗಳಲ್ಲಿ ಸೊಸೆಗೆ ಇಳಿದದ್ದು ಅದೊಂದೇ.

ಮಗಳಿಗೆ ಹೇಳಿದ್ದು ಅವಳೇ, ಕೂದಲು ಹೋಗುವ ಮೊದಲೇ, ಕಾಯಿಲೆಯ ಹೆಸರನ್ನೂ ಸೇರಿಸಿ. ಇದು ಅಂಟುವುದಿಲ್ಲ, ನೀನು ಮಾಡಿದ್ದರಿಂದ ಬಂದದ್ದಲ್ಲ ಎಂಬ ಎರಡು ಮಾತು ಮಕ್ಕಳಿಗೆ ಬಿಡಿಸಿ ಹೇಳಬೇಕಂತೆ. ಹೇಳದಿದ್ದರೆ ಅವು ತಾವೇ ಏನೇನೋ ಊಹಿಸಿಕೊಳ್ಳುತ್ತವೆ. ಮಗಳು ಕೇಳಿದ್ದು, ವಾರ್ಷಿಕೋತ್ಸವದ ಡ್ಯಾನ್ಸಿಗೆ ಬರ್ತೀಯೋ ಇಲ್ಲವೋ ಎಂದು. ಕೀಮೋ ತಾರೀಖು ನೋಡಿ, ಬರ್ತೀನಿ ಎಂದಳು. ಹೋದಳು ಕೂಡ.

ಈಗ ಐದು ಕೀಮೋ ಮುಗಿದಿವೆ. ಗಂಟು ಕೈಗೆ ಸಿಗುತ್ತಿಲ್ಲ. ಆರನೆಯದು ಮುಗಿದ ಮೇಲೆ ಸ್ಕ್ಯಾನ್ ಮಾಡಿ, ಕ್ಲಿಪ್ಪು ಇರುವ ಜಾಗ ನೋಡಿ, ಉಳಿಸುವುದೋ ತೆಗೆಯುವುದೋ ಎಂದು ಸರ್ಜನ್ ಜೊತೆ ಕೂರಬೇಕು. ಪ್ರಶ್ನೆಗಳನ್ನು ಅವಳು ಆಗಲೇ ಬರೆಯಲು ಶುರುಮಾಡಿದ್ದಾಳೆ, ನಿನ್ನೆಗೆ 17 ಆಗಿದ್ದವು. ಅದರಲ್ಲಿ ನನಗೆ ಕೇಳಲು ಬಿಟ್ಟಿರುವುದು ಎರಡು, ಎರಡೂ ವಿಮೆಯವು.